ಸಾವಿನ ಸುದ್ದಿ ಹೇಳುವ ಬಗೆ

"ನಿಮ್ಮ ಪತ್ರಿಕೇಲಿ ಗಣಿ ಯಜಮಾನ 'ತಿಳಿಸ್ತಾನೆ', ಕೂಲಿಯವರು ಮಾತ್ರ 'ಕೂಗಾಡ್ತಾರೆ'. ಯಾಕಪ್ಪ, ಅವರಿಗೆ ಮೆತ್ತಗೆ ಮಾತಾಡೋಕೆ ಬರಲ್ವಾ?"

ಹೀಗೆ ಕೆಣಕಿದವಳು ಬೆರ್ಮೆತ್. ನರಿನ್ ನದಿ ದಂಡೆಯ ಆ ಗಣಿಯೂರಿನ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಓದುಬಳಗ ಸೇರುತ್ತಿತ್ತು. ಊರ ಪತ್ರಿಕೆಯ ಪದಪದವನ್ನೂ ಕೆಂಪು ಪೆನ್ಸಿಲ್ಲಿನಲ್ಲಿ ಕುಟುಕುತ್ತಿತ್ತು. ವರದಿಗಾರ ತಿಲೆಕ್ ಜಗಳಕ್ಕೆಂದೇ ಬಂದವನು, ಪೆನ್ಸಿಲ್ ಹಿಡಿದ ಬೆರಳು ನೋಡುತ್ತ ಜಗಳ ಮರೆತ.

ಆಮೇಲೆ ಅವನೇ ವರದಿ ತಂದು ಅವಳ ಮುಂದಿಡತೊಡಗಿದ. "ಹೊಡಿ ಗೀಟು."

"ಇವತ್ತು ಒಂದೂ ಇಲ್ಲ," ಎಂದು ಅವಳು ಪೆನ್ಸಿಲ್ ಕಿವಿಗೆ ಸಿಕ್ಕಿಸಿದರೆ, ಚಹಾ ಬಟ್ಟಲಿನ ಹಿಂದೆ ಅವನ ಮುಖ ಕೆಂಪೇರುತ್ತಿತ್ತು. ವಸಂತಕ್ಕೆ ಅವನ ತಾಯಿ ಬಂದು ಅವಳಿಗೆ ಓಲೆ ತೊಡಿಸಿ ಮದುವೆ ನಿಶ್ಚಯ ಮಾಡುವುದೆಂದು ಮಾತಾಯಿತು.

ವಸಂತಕ್ಕೆ ಮೊದಲು ಗಣಿ ಕುಸಿಯಿತು. ಐವರು ಸತ್ತರು, ಒಬ್ಬ ಬೆರ್ಮೆತ್‌ಳ ಅಣ್ಣ ಅಸ್ಕತ್. ಒಳಗಿನ ಕಂಬಗಳು ಕೊಳೆತಿವೆ ಎಂದು ಅಸ್ಕತ್ ಎರಡು ಸಲ ಅರ್ಜಿ ಕೊಟ್ಟಿದ್ದ. ಬರೆದುಕೊಟ್ಟವನು ತಿಲೆಕನೇ.

ಪತ್ರಿಕೆಯಲ್ಲಿ ಬಂತು: "ಬೆಟ್ಟತಾಯಿ ತನ್ನ ಐವರು ಮಕ್ಕಳನ್ನು ಮಡಿಲಿಗೆ ಕರೆದುಕೊಂಡಳು." ವರದಿಗಾರನ ಹೆಸರಿರಲಿಲ್ಲ. ಬೆರ್ಮೆತ್‌ಗೆ ಅದು ಬೇಕಾಗಿಯೂ ಇರಲಿಲ್ಲ. ಆ ಕೈಯ ಸಾಲುಗಳನ್ನು ವರ್ಷವಿಡೀ ತಿದ್ದಿದವಳು.

ಸೂತಕಕ್ಕೆಂದು ಅವಳ ಅಂಗಳದಲ್ಲಿ ಹಾಕಿದ್ದ ಡೇರೆಯ ಹೊರಗೆ ತಿಲೆಕ್ ನಿಂತಿದ್ದ. "ಸಾವನ್ನ ನಾವು ನೇರವಾಗಿ ಹೇಳೋರಲ್ಲ, ಬೆರ್ಮೆತ್. ಗಿಡುಗ ಹಾರಿಹೋಯ್ತು ಅಂತೀವಿ. ನಿಮ್ಮಮ್ಮನ ಎದೆ ಒಡೀಬಾರದು ಅಂತ ಹಾಗೆ ಬರೆದೆ."

"ಅಮ್ಮನಿಗೆ ಗಿಡುಗದ ಮಾತು ಹೇಳಿದ್ದು ಪಕ್ಕದ ಮನೆ ಅಜ್ಜ. ಕೈ ಹಿಡ್ಕೊಂಡು ಹೇಳಿದ್ರು, ತಾವೂ ಅತ್ರು. ಅವರು ಮುಚ್ಚಿದ್ದು ನೋವನ್ನ. ನೀನು ಮುಚ್ಚಿದ್ದು ಕೊಂದವರನ್ನ. ಪಾಪ, ಬೆಟ್ಟಕ್ಕೆ ಬಾಯಿಲ್ಲ, ತಪ್ಪನ್ನ ಅದರ ತಲೆಗೆ ಕಟ್ಟಿದೆ!"

"ಕಂಬದ ಸುದ್ದಿ ಎತ್ತಬೇಡ ಅಂದ್ರು ಸಂಪಾದಕರು. ಕೆಲಸ ಹೋಗ್ತಿತ್ತು ಕಣೇ."

"ಈಗಲಾದ್ರೂ ಬರಿ. ಹೆಸರು ಹಾಕಿ ಬರಿ. ಸೂತಕದ ನಲವತ್ತು ದಿನ ಕಾಯ್ತೀನಿ."

ಡೇರೆಯೊಳಗೆ ಹೆಂಗಸರ ರೋದನ ಏರಿತು.

ಅವಳು ಕಾದಳು. ಪ್ರತಿ ಸಂಚಿಕೆಯನ್ನೂ ಕೊನೆಯ ಪುಟದವರೆಗೆ ಹುಡುಕಿದಳು. ನಲವತ್ತನೆಯ ದಿನ ಓದುಬಳಗವೇ ದೊಡ್ಡ ಹಾಳೆಯಲ್ಲಿ ಬರೆದು ಗ್ರಂಥಾಲಯದ ಬಾಗಿಲಿಗೆ ಅಂಟಿಸಿತು: "ಕಂಬ ಬದಲಿಸಿ ಎಂದು ಅಸ್ಕತ್ ಎರಡು ಸಲ ಕೇಳಿದ. ಗಣಿ ಯಜಮಾನ ಬದಲಿಸಲಿಲ್ಲ. ಐವರು ಸತ್ತರು." ಕೆಳಗೆ ಎಲ್ಲರ ಸಹಿ.

ತಿಲೆಕ್ ಬಂದ, ಎರಡು ಸಲ ಓದಿದ. ಕಣ್ಣು ತುಂಬಿತ್ತು. "ಇದಕ್ಕೆ ಒಂದೂ ಗೀಟು ಬೇಡ."

"ಹಾಗಾದ್ರೆ ಸಹಿ ಹಾಕು." ಅವಳು ಪೆನ್ಸಿಲ್ ಚಾಚಿದಳು.

ಅವನು ಅದನ್ನು ಬೆರಳುಗಳಲ್ಲಿ ಬಹಳ ಹೊತ್ತು ಹೊರಳಿಸಿದ. ಆಮೇಲೆ ಓಲೆಯಿಲ್ಲದ ಅವಳ ಕಿವಿಗೆ, ಕೂದಲು ಸರಿಸಿ, ಮೆಲ್ಲಗೆ ಸಿಕ್ಕಿಸಿ, ಮೆಟ್ಟಿಲಿಳಿದು ಹೋದ.