ಎರಡು ಹನಿ ಎಣ್ಣೆ

"ಅದು ಬ್ಯಾಡ ಕಣಮ್ಮಿ! ಬರೀ ಕೂಗಾಟ ಅದು. ಕಿವಿ ಹತ್ರ ಇಟ್ಕೊಂಡು ಕೇಳು!"

ರಾಣಿ ಹಾಗೆ ಹೇಳಿದಷ್ಟೂ ರೂಪಶ್ರೀ ಆ ಮೋಟಾರನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ರೇಡಿಯೋ ರಿಪೇರಿ ಮಹದೇವಪ್ಪನವರ ಅಂಗಡಿ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ನಡುವೆ ಒಂದು ಬಿಸ್ಕತ್ ಡಬ್ಬ. ಅದರ ತುಂಬ ಕೆಟ್ಟ ಟೇಪ್ ರೆಕಾರ್ಡರುಗಳಿಂದ ಬಿಚ್ಚಿದ ಪುಟ್ಟ ಪುಟ್ಟ ಮೋಟಾರುಗಳು. "ಒಬ್ಬೊಬ್ರು ಒಂದೊಂದು ಆರಿಸ್ಕೊಳ್ಳಿ, ಡಬ್ಬ ಚೆಲ್ಲಬ್ಯಾಡಿ" ಎಂದು ಹೇಳಿ ಅವರು ಒಳಗೆ ಹೋಗಿದ್ದರು.

ರಾಣಿ ಒಂದೊಂದೇ ಮೋಟಾರಿಗೆ ಸೆಲ್ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಕರಕರ ಅಂದದ್ದು ಆಚೆಗೆ. ತಡೆದು ತಡೆದು ತಿರುಗಿದ್ದೂ ಆಚೆಗೆ. ಕೊನೆಗೆ ಎರಡು ಉಳಿದವು. ಒಂದು ಗುಂಯ್ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಇನ್ನೊಂದು ಸಣ್ಣಗೆ ಸುಯ್ ಎನ್ನುತ್ತಿತ್ತು, ಅಷ್ಟೇ.

"ಜೋರಾಗಿ ಕೂಗೋದೆಲ್ಲ ಸ್ಪೀಡ್ ಅಲ್ಲ. ಒಳಗೆ ಎಲ್ಲೋ ಉಜ್ತಾ ಅದೆ. ನೀನು ಈ ಸುಯ್ ಅನ್ನೋದ್ನ ತಗೊ. ನಾನು ಬೇರೆ ನೋಡ್ಕೋತೀನಿ" ಎಂದಳು ರಾಣಿ.

ಒಳ್ಳೇ ಮೋಟಾರನ್ನು ಯಾರಾದರೂ ಹೀಗೆ ಸುಮ್ಮನೆ ಬಿಟ್ಟುಕೊಡುತ್ತಾರೆಯೇ? ರೂಪಶ್ರೀಗೆ ಅನುಮಾನ. 'ಇವಳು ನನ್ನ ಏಮಾರಿಸೋಕೆ ನೋಡ್ತಾವ್ಳೆ' ಅಂದುಕೊಂಡಳು.

"ನಂಗೆ ಇದೇ ಇರ್ಲಿ" ಎಂದು ಕೂಗುವ ಮೋಟಾರನ್ನೇ ಲಂಗದ ಜೇಬಿಗೆ ಹಾಕಿಕೊಂಡಳು.

"ನಿನ್ನಿಷ್ಟ ಬುಡು" ಎಂದು ರಾಣಿ ನಕ್ಕು, ಸುಯ್ ಎನ್ನುವುದನ್ನು ತಾನೇ ಎತ್ತಿಕೊಂಡಳು.

ಮೋಟಾರು ಯಾಕೆ ಅಂತೀರಾ? ಕ್ಲಬ್ಬಿನ ಕಾರಿಗೆ. ಕ್ಲಬ್ಬು ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಹುಣಸೂರಿನಲ್ಲಿ ಇನ್ನೂ ಯಾರ ಕೈಯಲ್ಲೂ ಮೊಬೈಲು ಕಾಣದಿದ್ದ ಕಾಲ ಅದು. ಸೈನ್ಸ್ ಮೇಷ್ಟ್ರಾಗಿ ರಿಟೈರ್ ಆಗಿದ್ದ ನೀಲಕಂಠಸ್ವಾಮಿಯವರು ಮರದ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಪ್ಲೈವುಡ್ ಹಲಗೆಗಳನ್ನು ಜೋಡಿಸಿ ಒಂದು ಟ್ರ್ಯಾಕ್ ಮಾಡಿದ್ದರು. ಹಲಗೆಯ ಮೇಲೆ ಉದ್ದಕ್ಕೂ ಮೂರು ಸಣ್ಣ ಕಾಲುವೆ ಕೊರೆದು, ಪ್ರತಿ ಕಾಲುವೆಯ ಎರಡು ಪಕ್ಕದಲ್ಲೂ ತಾಮ್ರದ ಪಟ್ಟಿ ಅಂಟಿಸಿದ್ದರು. ಕರೆಂಟನ್ನು ನಂಬುವಂತಿರಲಿಲ್ಲ, ಹಾಗಾಗಿ ಟ್ರ್ಯಾಕ್ಟರಿನ ಹಳೇ ಬ್ಯಾಟರಿ.

ಕಾರಿನ ಹೊಟ್ಟೆಯ ಕೆಳಗೆ ಒಂದು ಮೊಳೆ. ಆ ಮೊಳೆ ಕಾಲುವೆಯಲ್ಲಿ ಕೂತರೆ ಕಾರು ದಾರಿ ತಪ್ಪುವುದಿಲ್ಲ. ಕೈಯಲ್ಲಿ ಕಾಲಿಂಗ್ ಬೆಲ್ಲಿನ ಸ್ವಿಚ್. ಒತ್ತಿದರೆ ಓಟ, ಬಿಟ್ಟರೆ ನಿಲುಗಡೆ. ತಿರುವಿನಲ್ಲಿ ಬಿಡದೆ ಒತ್ತಿದಿರೋ, ಕಾರು ಎಗರಿ ಮರದ ಹೊಟ್ಟಿನ ರಾಶಿಗೆ ಬೀಳುತ್ತಿತ್ತು. ಆಗ ಮಕ್ಕಳೆಲ್ಲ "ಹೋ!" ಎಂದು ಕಿರುಚುತ್ತಿದ್ದರು.

ಕಾರನ್ನು ಅವರವರೇ ಮಾಡಿಕೊಳ್ಳಬೇಕು. ಅದು ಮೇಷ್ಟ್ರ ಕಟ್ಟುನಿಟ್ಟು. ಹರಿದ ಹವಾಯಿ ಚಪ್ಪಲಿಯಿಂದ ಟೈರು ಕತ್ತರಿಸಿ, ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿ ಉಜ್ಜಿ ಗುಂಡಗೆ ಮಾಡಬೇಕು. ಹಗುರವಾದರೆ ಎಗರುತ್ತದೆ, ಭಾರವಾದರೆ ಓಡುವುದಿಲ್ಲ.

ಈ ಸಲ ಗೆದ್ದವರಿಗೆ ಮೈಸೂರು. ಅಲ್ಲೊಂದು ದೊಡ್ಡ ಕ್ಲಬ್ಬಿದೆ, ಅಂಗಡಿಯಿಂದ ತಂದ ಟ್ರ್ಯಾಕಿದೆ ಎಂದು ಮೇಷ್ಟ್ರು ಹೇಳಿದ್ದರು. ಅವರ ಸ್ಕೂಟರಿನ ಹಿಂದೆ ಒಬ್ಬರಿಗೇ ಜಾಗ.

ರೂಪಶ್ರೀಗೆ ಮೈಸೂರಿಗೆ ಹೋಗಬೇಕಿತ್ತು, ಅಷ್ಟೇ. ರಾಣಿಯ ಕತೆ ಬೇರೆ. ಊರ ಕೊನೆಯಲ್ಲಿ ಅವರ ಮನೆ, ಹಿಂದೆ ಹೊಗೆಸೊಪ್ಪಿನ ಶೆಡ್ಡು. ಬೆಂಕಿಯ ಶಾಖಕ್ಕೆ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಕೆಲಸ ಶುರುವಾಗಿತ್ತು. ರಾಣಿಯ ಅಪ್ಪ ಚಿಕ್ಕಮಾದಯ್ಯ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಗೆದ್ರೆ ಓಗು, ಮುಂದಕ್ಕೂ ಓಗು, ನಾನು ಕೇಳಕಿಲ್ಲ. ಸೋತ್ರೆ ಭಾನುವಾರ ಸೊಪ್ಪಿನ ಮುಂದೆ ಕೂರಬೇಕು. ಆ ಆಟದ ಮಾತು ಎತ್ತಂಗಿಲ್ಲ."

ಇದನ್ನು ರಾಣಿ ಹೇಳಿದ್ದು ರೂಪಶ್ರೀ ಒಬ್ಬಳ ಹತ್ತಿರ.

ರೇಸಿನ ಹಿಂದಿನ ದಿನ, ಶನಿವಾರ ಸಂಜೆ, ರಾಣಿ ರೂಪಶ್ರೀಯ ಮನೆಗೆ ಓಡೋಡಿ ಬಂದಳು. ರೂಪಶ್ರೀಯ ಅಮ್ಮ ಚಾಮುಂಡಮ್ಮ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಿದ್ದರು; ಆಗಷ್ಟೇ ಯಾರಿಗೋ ರವಿಕೆ ಕೊಡಲು ಹೋಗಿದ್ದರು.

"ರೂಪಿ, ನಿಮ್ಮಮ್ಮನ ಮಿಷನ್ ಎಣ್ಣೆ ಎರಡು ಹನಿ ಕೊಡ್ತೀಯಾ? ಗಾಲಿ ಸ್ವಲ್ಪ ಬಿಗಿ ಅದೆ. ಇಲ್ಲಾಂದ್ರೆ ನನ್ ಕಾರು ಸೂಪರ್ ಕಣೆ! ಈಗ್ಲೇ ಮಿಲ್ ಶೆಡ್ಡಲ್ಲಿ ಓಡಿಸ್ಕೊಂಡು ಬಂದೆ. ಮಹೇಂದ್ರನ ಕಾರಿಗಿಂತ ಅರ್ಧ ಸುತ್ತು ಮುಂದೆ!"

ಮಹೇಂದ್ರ ಏಳನೇ ಕ್ಲಾಸಿನವನು. ಅವನ ಕಾರನ್ನು ರೂಪಶ್ರೀ ಒಂದು ಸಲವೂ ಸೋಲಿಸಿರಲಿಲ್ಲ. ಅವಳ ಮೋಟಾರು ಮೂರೇ ದಿನಕ್ಕೆ ಬಿಸಿಯಾಗಿ ಸುಟ್ಟ ವಾಸನೆ ಬರಲು ಶುರುವಾಗಿತ್ತು. ರಾಣಿ ಹೇಳಿದ್ದು ನಿಜವಾಗಿತ್ತು. ಅದೇ ಅವಳಿಗೆ ತಡೆಯಲಾಗದ ಹೊಟ್ಟೆಕಿಚ್ಚು.

ಎಣ್ಣೆಯ ಸಣ್ಣ ಬಾಟಲಿ ಮಿಷನ್ನಿನ ಡ್ರಾಯರಿನಲ್ಲೇ ಇತ್ತು. ಕಾಲು ಭಾಗ ಎಣ್ಣೆಯೂ ಇತ್ತು.

"ಮುಗ್ದೋಗದೆ" ಎಂದಳು ರೂಪಶ್ರೀ.

"ಅಯ್ಯೋ! ಈಗೇನ್ ಮಾಡ್ಲಿ?" ರಾಣಿ ಉಗುರು ಕಚ್ಚಿದಳು. "ನಮ್ಮಜ್ಜಿ ತಲೆಗೆ ಅಚ್ಚೋ ಕೊಬ್ರಿ ಎಣ್ಣೆ ಅದೆ. ಅದ್ನೇ ಬಿಡ್ಲಾ? ಆಯ್ತದಾ?"

"ಆಯ್ತದೆ ಕಣೆ. ಯಾವ್ ಎಣ್ಣೆ ಆದ್ರೇನು, ಜಾರಿದ್ರೆ ಸಾಕು."

"ಥ್ಯಾಂಕ್ಸ್ ಕಣೆ ರೂಪಿ!" ಎಂದು ರಾಣಿ ಬಂದ ಹಾಗೇ ಓಡಿದಳು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ರೂಪಶ್ರೀಗೂ ಬೇರೇನೂ ಹೊಳೆದಿರಲಿಲ್ಲ. ಕೊಡಬಾರದು ಅನ್ನಿಸಿತು, ಕೊಡಲಿಲ್ಲ. ಹೊಳೆದದ್ದು ಮಾರನೇ ದಿನ ಬೆಳಿಗ್ಗೆ.

ಜನವರಿಯ ಚಳಿ. ಬಾಯಿ ಬಿಟ್ಟರೆ ಹೊಗೆ. ಜಡೆ ಹಾಕಿಸಿಕೊಳ್ಳಲು ರೂಪಶ್ರೀ ಒಲೆಯ ಮುಂದೆ ಕೂತಳು. ಅಮ್ಮ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿ ಕುಟ್ಟಿದರು. ಒಂದು ತೊಟ್ಟೂ ಬೀಳಲಿಲ್ಲ.

"ನೋಡು, ಕಲ್ಲಾಗ್ಬುಟ್ಟದೆ" ಎಂದು ಅಮ್ಮ ಬಾಟಲಿಯನ್ನು ಒಲೆಯ ಪಕ್ಕ ಇಟ್ಟರು. "ಚಳಿಗಾಲ ಬಂದ್ರೆ ಇದೊಂದು ಗೋಳು."

ರೂಪಶ್ರೀ ಬಾಟಲಿಯನ್ನೇ ನೋಡಿದಳು. ಒಳಗೆ ಎಣ್ಣೆ ಬೆಳ್ಳಗೆ, ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ರಾಣಿಯ ಕಾರಿನ ಗಾಲಿಯಲ್ಲೂ ಇದೇ ಎಣ್ಣೆ.

ಮಿಲ್ಲಿನ ಕೆಲಸ ಶುರುವಾಗುವ ಮುಂಚೆ, ಏಳೂವರೆಗೇ ರೇಸು. ಇನ್ನೂ ಅರ್ಧ ಗಂಟೆ ಇತ್ತು. ಅವಳ ಮನೆಯಿಂದ ರಾಣಿಯ ಮನೆಗೆ ಐದು ನಿಮಿಷದ ದಾರಿ. ಓಡಿದರೆ ಮೂರೇ ನಿಮಿಷ. ಕಾರನ್ನು ಒಂದು ಗಳಿಗೆ ಒಲೆಯ ಹತ್ತಿರ ಹಿಡಿ ಎಂದು ಹೇಳಿದ್ದರೂ ಸಾಕಿತ್ತು.

ರೂಪಶ್ರೀ ಜಡೆ ಹಾಕಿಸಿಕೊಂಡಳು. ರಿಬ್ಬನ್ ಸರಿಯಾಗಿಲ್ಲ ಎಂದು ಬಿಚ್ಚಿಸಿ ಇನ್ನೊಂದು ಸಲ ಕಟ್ಟಿಸಿಕೊಂಡಳು. ಕಾಫಿ ಕುಡಿದಳು. ನಿಧಾನವಾಗಿ ಕುಡಿದಳು. ಆಮೇಲೆ ನೆಟ್ಟಗೆ ಮಿಲ್ಲಿನ ಶೆಡ್ಡಿಗೆ ಹೋದಳು.

ಮೂರು ಕಾಲುವೆಯಲ್ಲಿ ಮೂರು ಕಾರು: ಮಹೇಂದ್ರನದು, ರೂಪಶ್ರೀಯದು, ರಾಣಿಯದು. ಹತ್ತು ಸುತ್ತು. ಮೇಷ್ಟ್ರು ಮಫ್ಲರ್ ಸುತ್ತಿಕೊಂಡು ಸೀಟಿ ಊದಿದರು.

ರಾಣಿಯ ಕಾರು ಹೊರಡಲೇ ಇಲ್ಲ! ಸ್ವಿಚ್ ಒತ್ತಿದರೆ ಮೋಟಾರು ನರಳಿತು. ಕಾರು ಗೇಣು ದೂರ ತೆವಳಿತು, ನಿಂತಿತು, ಮತ್ತೆ ತೆವಳಿತು.

"ಏನಮ್ಮಿ, ನಿದ್ದೆ ಮಾಡ್ತಾ ಅದಾ?" ಎಂದು ಮಹೇಂದ್ರ ಕಿಸಕ್ಕೆಂದ. ನಗುವ ಭರದಲ್ಲಿ ತಿರುವಿನಲ್ಲಿ ಸ್ವಿಚ್ ಬಿಡುವುದನ್ನು ಮರೆತ. ಅವನ ಕಾರು ಎಗರಿ ಹೊಟ್ಟಿನೊಳಗೆ ಮುಳುಗಿತು. ತೆಗೆದು ಕೊಡವಿದರೆ ಚಕ್ರದ ತುಂಬ ಹೊಟ್ಟು. ಅವನ ಕತೆ ಮುಗಿಯಿತು.

ರೂಪಶ್ರೀಯ ಕಾರು ಗುಂಯ್ ಎಂದು ಕೂಗುತ್ತಾ ಒಬ್ಬಂಟಿಯಾಗಿ ಓಡುತ್ತಿತ್ತು. ಮೂರು ಸುತ್ತು. ನಾಲ್ಕು. ಐದು. ರಾಣಿಯದು ಇನ್ನೂ ಎರಡನೇ ಸುತ್ತಿನಲ್ಲಿತ್ತು. ರಾಣಿ ಅಳಲಿಲ್ಲ. ತುಟಿ ಕಚ್ಚಿಕೊಂಡು ಸ್ವಿಚ್ ಒತ್ತುತ್ತಲೇ ಇದ್ದಳು.

ಆರನೇ ಸುತ್ತಿನ ಹೊತ್ತಿಗೆ ಏನೋ ಆಯಿತು. ಮೋಟಾರಿನ ಬಿಸಿಗೆ ಎಣ್ಣೆ ಕರಗಿರಬೇಕು. ರಾಣಿಯ ಕಾರು ಒಮ್ಮೆ ಕೊಡವಿಕೊಂಡು ಸುಯ್ ಎಂದು ಹಾರಿತು. ಅದೆಂಥ ಓಟ! ರೂಪಶ್ರೀಯ ಕಾರನ್ನು ಒಂದು ಸಲ ದಾಟಿತು. ಮತ್ತೊಂದು ಸಲ ದಾಟಿತು. ಮಕ್ಕಳೆಲ್ಲ "ರಾಣಿ! ರಾಣಿ!" ಎಂದು ಕೂಗತೊಡಗಿದರು. ಮೇಷ್ಟ್ರೇ ಕುರ್ಚಿಯಿಂದ ಎದ್ದು ನಿಂತರು.

ಆದರೆ ಸುತ್ತು ಸಾಕಾಗಲಿಲ್ಲ. ರೂಪಶ್ರೀಯದು ಹತ್ತು ಮುಗಿಸಿದಾಗ ರಾಣಿಯದು ಒಂಬತ್ತರ ಕೊನೆಯಲ್ಲಿತ್ತು.

ಚಪ್ಪಾಳೆ ಬಂತು, ಆದರೆ ಜೋರಾಗಿ ಬರಲಿಲ್ಲ.

ಎಲ್ಲರೂ ಹೋದ ಮೇಲೆ ರಾಣಿ ತನ್ನ ಕಾರನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದಳು.

"ತಗೊ."

"ನಂಗ್ಯಾಕೆ?"

"ಇನ್ ಮೇಲೆ ನಮ್ಮಪ್ಪ ಕಳ್ಸಕಿಲ್ವಲ್ಲ. ನಂಗ್ಯಾಕಿದು? ನಿಂದು ಮೈಸೂರಲ್ಲಿ ಸುಟ್ಟೋದ್ರೆ ಏನ್ ಮಾಡ್ತೀಯ? ಇದ್ನ ತಗೊಂಡೋಗು. ಕೊನೇಲಿ ಎಂಗ್ ಓಡ್ತು ನೋಡ್ದಲ್ಲ." ರಾಣಿಯ ಕಣ್ಣು ತುಂಬಿತ್ತು. "ಮೊದ್ಲು ಅದಕ್ಕೆ ಏನಾಗಿತ್ತೋ ಕಾಣೆ."

ರೂಪಶ್ರೀ ಕೈ ಚಾಚಿದಳು. ಕಾರು ತೆಗೆದುಕೊಂಡಳು.

ಮನೆಗೆ ಬಂದು ಕಾರನ್ನು ಬಿಚ್ಚಿದಳು. ಗಾಲಿಯ ಕಡ್ಡಿಗೆ, ಹಲ್ಲಿನ ಚಕ್ರಕ್ಕೆ, ಎಲ್ಲ ಕಡೆ ಬೆಳ್ಳನೆ ಜಿಡ್ಡು ಮತ್ತೆ ಗಟ್ಟಿಯಾಗತೊಡಗಿತ್ತು. ಅವಳು ಹತ್ತಿಯಿಂದ ಒರೆಸಿದಳು. ಕೈಯೆಲ್ಲ ರಾಣಿಯ ಜಡೆಯ ವಾಸನೆ. ಡ್ರಾಯರಿನಿಂದ ಬಾಟಲಿ ತೆಗೆದು ಮಿಷನ್ ಎಣ್ಣೆ ಬಿಟ್ಟಳು. ಎರಡೇ ಹನಿ. ಗಾಲಿಯನ್ನು ಬೆರಳಿನಿಂದ ತಟ್ಟಿದರೆ ನಿಲ್ಲದೆ ತಿರುಗುತ್ತಲೇ ಇತ್ತು.

ಮಧ್ಯಾಹ್ನ ಕಾರನ್ನು ಎತ್ತಿಕೊಂಡು ರಾಣಿಯ ಮನೆಗೆ ಓಡಿದಳು. ಈಗ ಮೂರು ನಿಮಿಷ ಕೂಡ ಆಗಲಿಲ್ಲ.

ಶೆಡ್ಡಿನಲ್ಲಿ ಸೊಪ್ಪಿನ ರಾಶಿ. ಘಾಟಿಗೆ ಕಣ್ಣು ಉರಿಯಿತು. ಚಿಕ್ಕಮಾದಯ್ಯ ಬಾಗಿಲಲ್ಲಿ ಗೋಣಿ ಹಾಸುತ್ತಿದ್ದ. ರಾಣಿ ಒಳಗೆ ಅಜ್ಜಿಯ ಪಕ್ಕ ಕೂತು, ಹಳದಿ ಎಲೆ ಒಂದು ಕಡೆ, ಕಂದು ಎಲೆ ಒಂದು ಕಡೆ ಹಾಕುತ್ತಿದ್ದಳು. ಬೆರಳುಗಳು ಆಗಲೇ ಕಪ್ಪಾಗಿದ್ದವು.

"ಮಾವ, ರಾಣಿನೇ ಗೆಲ್ಬೇಕಿತ್ತು" ಎಂದಳು ರೂಪಶ್ರೀ ಏದುಸಿರು ಬಿಡುತ್ತಾ. "ಅವ್ಳು ಎಣ್ಣೆ ಕೇಳಿದ್ಲು. ನಾನು ಇಟ್ಕೊಂಡೇ ಇಲ್ಲ ಅಂದೆ. ಅವ್ಳನ್ನ ಕ್ಲಬ್ಬಿಗೆ ಕಳ್ಸಿ ಮಾವ. ಮೈಸೂರಿಗೂ ಅವ್ಳೇ ಓಗ್ಲಿ."

ಚಿಕ್ಕಮಾದಯ್ಯ ಜೋರಾಗಿ ನಕ್ಕುಬಿಟ್ಟ. "ಆಟದ ಕಾರಿಗೆ ಇಷ್ಟು ರಾಮಾಯಣವಾ? ಸೋಲೋದು ಗೆಲ್ಲೋದು ಇದ್ದುದ್ದೇಯ, ಬುಡು ಮಗ. ಮಾತು ಅಂದ್ರೆ ಮಾತು. ಇಲ್ಲಿ ಸೊಪ್ಪು ಬಿದ್ದದೆ ನೋಡು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಗು ಮುಗಿದ ಮೇಲೆ ಅವನಿಗೆ ಅದು ಮರೆತೇ ಹೋಯಿತು. ಗೋಣಿ ಕೊಡವುತ್ತಾ ಹೊರಗೆ ನಡೆದ.

ರೂಪಶ್ರೀ ರಾಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ರಾಣಿ ತಲೆ ಎತ್ತಲಿಲ್ಲ. ಒಂದು ಹಳದಿ ಎಲೆ ಎತ್ತಿಟ್ಟಳು. ಒಂದು ಕಂದು ಎಲೆ ಎತ್ತಿಟ್ಟಳು.

"ಎಣ್ಣೆ ಇತ್ತಾ?" ಎಂದಳು.

"ಹೂಂ."

"ಬಂದ್ಮೇಲೆ ಅಜ್ಜಿ ಬಾಟ್ಲಿ ನೋಡ್ದೆ. ಬಿಸ್ಲಿಗೆ ಇಟ್ಟಿದ್ರು." ಇನ್ನೊಂದು ಎಲೆ. "ಬೆಳಿಗ್ಗೆ ನಿಮ್ಮನೇಲೂ ಗಟ್ಟಿಯಾಗಿತ್ತಾ?"

ಇಲ್ಲ ಅನ್ನಬಹುದಿತ್ತು. ಯಾರು ನೋಡಿದ್ದರು?

"ಹೂಂ" ಎಂದಳು ರೂಪಶ್ರೀ.

ರಾಣಿ ಈಗ ತಲೆ ಎತ್ತಿದಳು. ಬೈಯುತ್ತಾಳೆ, ಸೊಪ್ಪು ಎತ್ತಿ ಮುಖಕ್ಕೆ ಎಸೆಯುತ್ತಾಳೆ ಎಂದು ರೂಪಶ್ರೀ ಕಾದಳು. ರಾಣಿ ಮಾತ್ರ ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿ, ಮತ್ತೆ ಎಲೆಗೆ ಕೈ ಹಾಕಿದಳು. ಕಾರನ್ನು ರೂಪಶ್ರೀ ನೆಲದ ಮೇಲೆ ಇಟ್ಟರೆ, ರಾಣಿ ಅದನ್ನು ಕಾಲಿನಿಂದ ಮೆಲ್ಲಗೆ ಇತ್ತ ತಳ್ಳಿದಳು.

"ಕೊಟ್ಟಿದ್ದು ಕೊಟ್ಟಾಯ್ತು. ತಗೊಂಡೋಗು."

ಆ ವಾರವೆಲ್ಲ ಕ್ಲಾಸಿನಲ್ಲಿ ರಾಣಿ ಹಿಂದಿನ ಬೆಂಚಿನಲ್ಲಿ ಕೂತಳು.

ಮುಂದಿನ ಭಾನುವಾರ ಬೆಳಿಗ್ಗೆ ರೂಪಶ್ರೀ ಮೇಷ್ಟ್ರ ಸ್ಕೂಟರ್ ಹತ್ತಿದಳು. ನನ್ನ ಬದಲು ರಾಣಿಯನ್ನು ಕರೆದುಕೊಂಡು ಹೋಗಿ ಎಂದು ಅವಳು ಅಂದಿದ್ದಳು. ಮೇಷ್ಟ್ರೇ ಚಿಕ್ಕಮಾದಯ್ಯನ ಮನೆಗೆ ಹೋಗಿ ಕೇಳಿಯೂ ಬಂದಿದ್ದರು. ಆಗಲಿಲ್ಲ. ಅವಳ ಮಡಿಲಲ್ಲಿ ಬಿಸ್ಕತ್ ಡಬ್ಬ ಇತ್ತು, ಡಬ್ಬದೊಳಗೆ ರಾಣಿಯ ಕಾರು.

"ಒಳ್ಳೇ ಮೋಟಾರು ಕಣಮ್ಮ ಅದು" ಎಂದರು ಮೇಷ್ಟ್ರು ಕಿಕ್ ಹೊಡೆಯುತ್ತಾ. "ನೀನು ಆರಿಸಿದ್ದಾ?"

"ಅಲ್ಲ ಸಾರ್."

ಆ ಸ್ಕೂಟರಿನ ಸದ್ದು ಇಡೀ ಹುಣಸೂರಿಗೆ ಗೊತ್ತು. ಡಬಡಬ ಎಂದು ಎರಡು ಸಲ ಕೆಮ್ಮಿ, ಆಮೇಲೆ ಹೊರಡುತ್ತಿತ್ತು. ಊರ ಕೊನೆಗೆ ಬಂದಾಗ ಸೊಪ್ಪಿನ ಶೆಡ್ಡಿನ ಬಾಗಿಲು ತೆರೆದಿತ್ತು. ರಾಣಿ ಬೀದಿಗೆ ಬೆನ್ನು ಮಾಡಿ ಕೂತಿದ್ದಳು. ಮೇಷ್ಟ್ರು ಹಾರ್ನ್ ಹೊಡೆದರು. ಅಜ್ಜಿ ತಿರುಗಿ ನೋಡಿ ಕೈ ಬೀಸಿದರು.

ರಾಣಿ ತಿರುಗಲಿಲ್ಲ.

ಕೇಳಿಸಿರಲಿಕ್ಕಿಲ್ಲ ಎಂದು ಅಂದುಕೊಳ್ಳಲು ರೂಪಶ್ರೀ ನೋಡಿದಳು. ಆಗಲಿಲ್ಲ. ಕಣ್ಣು ಮುಚ್ಚಿಕೊಂಡೇ ಒಂದೊಂದು ಮೋಟಾರನ್ನೂ ಗುರುತಿಸುತ್ತಿದ್ದವಳು ರಾಣಿ.

ರೂಪಶ್ರೀ ಡಬ್ಬವನ್ನು ಅಲುಗಾಡದ ಹಾಗೆ ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ಸ್ಕೂಟರು ಮೈಸೂರು ರಸ್ತೆಗೆ ತಿರುಗಿತು.