ಆರ್ಕೈವ್‌ನಲ್ಲಿ ಕಾಣೆಯಾದ ಮೂರು ದಿನ

"ಸುಮಿತಾ ಅಂದ್ರೆ ನೀವೇನಾ?"

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಂಗಳೂರಿಗೆ ಹೊರಟ ಮಾರಿಕುಪ್ಪಂ ರೈಲು ನಿಂತಿತ್ತು. ಕಿಟಕಿ ಪಕ್ಕ ಕುಳಿತಿದ್ದ ಸುಮಿತಾ ತಲೆಯೆತ್ತಿದಳು. ಪ್ಲಾಟ್‌ಫಾರ್ಮ್ ಮೇಲೆ ಅವಳದೇ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡ ಯುವಕನೊಬ್ಬ ಅವಳ ಕೊರಳ ಕಾರ್ಡಿನ ಹೆಸರು ಓದುತ್ತ ನಿಂತಿದ್ದ. ಕಣ್ಣಲ್ಲಿ ಸಿಟ್ಟಿತ್ತು.

"ಹೌದು. ನೀವು?"

"ಗಿರಿ. ಇಲ್ಲಿ ಬ್ರಾಂಚಲ್ಲಿ ಕೌಂಟರ್ ನೋಡ್ಕೋತೀನಿ. ನೋಡ್ಕೋತಿದ್ದೆ ಅನ್ನಿ." ಕೈಯಲ್ಲಿದ್ದ ಕಾಗದವನ್ನು ಕಿಟಕಿಗೆ ಹಿಡಿದ. "ಈ ಸಾಲು ನೀವು ಬರ್ದಿದ್ದಾ?"

'ಸದರಿ ದಾಖಲೆ ಶಾಖೆಯಿಂದ ಬಂದಿಲ್ಲ.' ಕೆಳಗೆ ಅವಳ ಹೆಸರು.

"ಹುಡುಕಿದೆ, ಸಿಗಲಿಲ್ಲ. ಅದನ್ನೇ ಬರೆದೆ."

"ಸಿಗಲಿಲ್ಲ ಅನ್ನೋದೂ, ಬಂದಿಲ್ಲ ಅನ್ನೋದೂ ಒಂದೇನಾ ಮೇಡಂ?"

ರೈಲು ಅಲುಗಿತು. ಅವನು ಜೊತೆಜೊತೆಗೇ ನಡೆಯುತ್ತ ಹೇಳಿದ. "ನನ್ನ ಕೆಲ್ಸದ ಮಾತು ಬಿಡಿ. ನರಸಮ್ಮ ಅಂತ, ಕೂಲಿ ಮಾಡೋ ಎಂಗಸು. ಆರ್ಟ್ ಆಪರೇಷನ್ ನಿಂತೋಗದೆ. ಆಯಮ್ಮನ ಕಾಗದ ನಾನೇ ಕೈಯಾರೆ ಸ್ಕ್ಯಾನ್ ಮಾಡಿ ಕಳ್ಸಿದೀನಿ. ಇನ್ನೊಂದು ಸಲ ನೋಡಿ..."

ಪ್ಲಾಟ್‌ಫಾರ್ಮ್ ಮುಗಿಯಿತು. ಅವನು ಹಿಂದೆ ಉಳಿದ.

ಗಣಿ ಊರು ಕೋರಮಂಡಲ್‌ನಿಂದ ದಿನಾ ರೈಲಿನಲ್ಲಿ ಓಡಾಡುವ ಸುಮಿತಾಗೆ ವಿಮಾ ಕಂಪನಿಯೊಂದರ ಬೆಂಗಳೂರಿನ ಮುಖ್ಯ ಕಚೇರಿಯಲ್ಲಿ ಮೇನ್‌ಫ್ರೇಮ್ ಆರ್ಕೈವ್‌ನ ಉಸ್ತುವಾರಿ. ಎಲ್ಲ ಶಾಖೆಗಳಿಂದ ಬರುವ ಅರ್ಜಿ, ಪತ್ರ, ಪ್ರಮಾಣಪತ್ರಗಳು ಸೇರುವುದು ಆ ದೊಡ್ಡ ಕಂಪ್ಯೂಟರಿಗೇ. ಯಾವ ಕಾಗದ ಎಲ್ಲಿದೆ ಎಂದು ಹೇಳುವ ಪಟ್ಟಿಗೆ ಇಂಡೆಕ್ಸ್ ಎನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ ಕಾಗದ, ಒಳಗೇ ಇದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ನರಸಮ್ಮ ತನಗೆ ಸಕ್ಕರೆ ಕಾಯಿಲೆ ಇದೆಯೆಂದು ಪಾಲಿಸಿ ಮಾಡಿಸುವಾಗಲೇ ಬರೆದುಕೊಟ್ಟಿದ್ದಳು. ಆ ಪತ್ರ ಸಿಗದ ಕಾರಣ, ಕಾಯಿಲೆ ಮುಚ್ಚಿಟ್ಟಿದ್ದಾಳೆಂದು ಕಂಪನಿ ಹೃದಯದ ಆಪರೇಷನ್ನಿಗೆ ಹಣ ಕೊಡಲು ಒಪ್ಪಲಿಲ್ಲ. ಪತ್ರವನ್ನು ಕಳಿಸಲೇ ಇಲ್ಲವೆಂದು ಗಿರಿಗೆ ಮೆಮೊ ಕೊಟ್ಟು ಕೌಂಟರಿನಿಂದ ಎಬ್ಬಿಸಿದ್ದರು.

ಮರುದಿನ ಮಧ್ಯಾಹ್ನ ಸುಮಿತಾ ಶಾಖೆಗೆ ಫೋನ್ ಮಾಡಿ ಅವನನ್ನು ಕೇಳಿದಳು. "ಕಳಿಸಿದ ದಿನ ನೆನಪಿದೆಯಾ?"

"ಇಲ್ದೆ ಏನು. ಅವತ್ತು ಬೆಳಿಗ್ಗೆ ನಮ್ಮ ಅಸು ಕರು ಆಕಿತ್ತು. ನಮ್ಮೂರು ಕ್ಯಾಸಂಬಳ್ಳಿಯಿಂದ ಲೇಟಾಗಿ ಬಂದು ಬೈಸ್ಕೊಂಡಿದ್ದೆ. ಅಟೆಂಡೆನ್ಸಲ್ಲಿ ತಾರೀಕು ಸಿಗ್ತದೆ, ಇರಿ."

ಆ ತಾರೀಕು ಹಿಡಿದು ಅವಳು ಹುಡುಕತೊಡಗಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಫೋನ್ ಬರುತ್ತಿತ್ತು. ಮೊದಲು ನರಸಮ್ಮನ ವಿಷಯ ಮಾತ್ರ... ಆಮೇಲೆ ಅವನು ಡೈರಿಗೆ ಹಾಕುವ ಹಾಲು, ಕೋರಮಂಡಲ್‌ನ ಗಣಿ ಕ್ವಾರ್ಟರ್ಸಿನಲ್ಲಿ ಅವಳು ಕಳೆದ ಬಾಲ್ಯ, ಕತ್ತಲಾದ ಮೇಲೂ ನಡೆಯುವ ಅವಳಮ್ಮನ ಹೊಲಿಗೆ ಮಿಷನ್. ಒಂದು ದಿನ ಅವನ ಕರೆ ಹತ್ತು ನಿಮಿಷ ತಡವಾದಾಗ ಸುಮಿತಾ ಮೂರು ಸಲ ಫೋನ್ ತಿರುಗಿಸಿ ನೋಡಿದಳು.

'ಇದೇನಾಯ್ತು ನನಗೆ...'

ಒಂಬತ್ತನೇ ದಿನ, ಕಂಪ್ಯೂಟರಿನಲ್ಲಿ ಯಾರು ಯಾವಾಗ ಏನು ಮಾಡಿದರೆಂದು ದಾಖಲಾಗುವ ಹಳೆಯ ಲಾಗ್ ಒಂದರಲ್ಲಿ ಅವಳ ಬೆರಳು ನಿಂತಿತು.

ಎರಡು ವರ್ಷದ ಹಿಂದೆ ಎಲ್ಲ ಕಾಗದಗಳನ್ನು ಹೊಸ ಆರ್ಕೈವ್‌ಗೆ ಸಾಗಿಸುವಾಗ, ಇಂಡೆಕ್ಸ್ ಕಟ್ಟುವ ಕೆಲಸ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅರ್ಧಕ್ಕೆ ನಿಂತಿತ್ತು. ನಿಂತಲ್ಲಿಂದಲೇ ಮುಂದುವರಿಸಬೇಕಿತ್ತು. ಯಾರೋ ಮೂರು ದಿನದ ಕಾಗದಗಳನ್ನು ಬಿಟ್ಟು, ಅದರ ಮುಂದಿನವುಗಳಿಂದ ಶುರು ಮಾಡಿದ್ದರು. ಗಿರಿ ಹೇಳಿದ ತಾರೀಕೂ ಸೇರಿದ್ದ ಆ ಮೂರು ದಿನದ ಕಾಗದಗಳೆಲ್ಲ ಒಳಗೆ ಭದ್ರವಾಗಿದ್ದವು, ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಯಾರೋ ಅಲ್ಲ. ಲಾಗ್‌ನಲ್ಲಿದ್ದದ್ದು ಅವಳದೇ ಯೂಸರ್ ಐಡಿ.

'ತಪ್ಪು ನನ್ನದು. ಶಿಕ್ಷೆ ಅವರಿಗೆ.'

ಆ ಮೂರು ದಿನದ ಇಂಡೆಕ್ಸನ್ನು ಸಂಜೆಯೊಳಗೆ ಮತ್ತೆ ಕಟ್ಟಿದಳು. ಎರಡು ಸಾವಿರಕ್ಕೂ ಹೆಚ್ಚು ಕಾಗದಗಳು ಬೆಳಕಿಗೆ ಬಂದವು. ಅದರಲ್ಲೊಂದು ನರಸಮ್ಮನ ಹೆಬ್ಬೆಟ್ಟಿನ ಪತ್ರ.

ಮ್ಯಾನೇಜರ್ ನರೇಶ್ ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದರು. "ನೀವೇ ಅಂತ ಬರೀಬೇಡಿ ಸುಮಿತಾ. ಮುಂದಿನ ತಿಂಗಳು ಟೀಮ್ ಲೀಡ್ ಆಗೋರು. ಹಳೇ ಟೀಮಿನ ತಪ್ಪು ಅಂತ ಹಾಕಿಬಿಡಿ. ಅವರು ಯಾರೂ ಈಗಿಲ್ಲವಲ್ಲ."

"ಇಲ್ಲದವರ ಮೇಲೆ ಹಾಕಿದ್ದಕ್ಕೇ ಇಷ್ಟಾಗಿದ್ದು ಸರ್. ನಾನು ಆ ಸಾಲು ಬರೆದ ದಿನ ಗಿರಿನೂ ಇಲ್ಲಿರಲಿಲ್ಲ."

ವರದಿಗೆ ತನ್ನ ಹೆಸರನ್ನೇ ಹಾಕಿದಳು. ಲೀಡ್ ಹುದ್ದೆ ಬೇರೆಯವರಿಗೆ ಹೋಯಿತು. ಆರು ತಿಂಗಳು ಸಿಸ್ಟಂನಲ್ಲಿ ಏನನ್ನೂ ಬದಲಾಯಿಸುವ ಅಧಿಕಾರ ಇಲ್ಲವೆಂದರು. ನರಸಮ್ಮನ ಆಪರೇಷನ್ ನಡೆಯಿತು. ಗಿರಿ ಕೌಂಟರಿಗೆ ಮರಳಿದ. ಅವನಿಗೆ ಬಂದ ಪತ್ರದಲ್ಲಿ 'ತಪ್ಪು ಮುಖ್ಯ ಕಚೇರಿಯದು' ಎಂದಷ್ಟೇ ಇತ್ತು.

ಅವನ ಕರೆ ಬಂತು. ಸುಮಿತಾ ಎತ್ತಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

'ಯಾವ ಬಾಯಲ್ಲಿ ಹೇಳಲಿ...'

ಹನ್ನೊಂದು ದಿನ ಹಾಗೇ ಕಳೆಯಿತು. ಹನ್ನೆರಡನೇ ದಿನ ಬೆಳಿಗ್ಗೆ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಸುಮಿತಾಳ ಮುಂದೆ ಗಿರಿಯ ಬೈಕ್ ನಿಂತಿತು.

"ಕೆಲ್ಸ ಮುಗೀತು, ಗಿರಿ ಬೇಡವಾದ. ಅಂಗಲ್ವಾ?" ಅವನ ದನಿಯಲ್ಲಿ ಈಗ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ಎಡ್ಡಾಫೀಸಿನೋರು ಕೌಂಟರ್ ಉಡುಗನ ಜೊತೆ ಯಾಕೆ ಮಾತಾಡ್ತಾರೆ ಅಂದ್ಕೊಂಡೆ. ಆದ್ರೂ ಒಂದ್ಸಲ ಕೇಳಿ ಓಗಾಣ ಅಂತ ಬಂದೆ."

"ಹಾಗಲ್ಲ ಗಿರಿ... ನೀವು ಕಳಿಸಿದ ದಿನವೂ ಸೇರಿ ಮೂರು ದಿನದ ಕಾಗದ ಪಟ್ಟಿಯಿಂದ ಬಿಟ್ಟುಹೋಗಿತ್ತು. ಅದು ನನ್ನಿಂದ. ಹುಡುಕಿದಾಗ ಗೊತ್ತಾಯ್ತು. ನಿಮಗೆ ಮೆಮೊ ಕೊಡಿಸಿದ್ದೂ ನಾನೇ, ಅದಕ್ಕೆ ಕಾರಣವಾದ ತಪ್ಪು ಮಾಡಿದ್ದೂ ನಾನೇ."

ರೈಲು ಬಂತು, ನಿಂತಿತು, ಹೋಯಿತು. ಸುಮಿತಾ ಹತ್ತಲಿಲ್ಲ.

"ಒಂದು ತಿಂಗ್ಳು ಬಾಗ್ಲತ್ರ ಸ್ಟೂಲ್ ಮೇಲೆ ಕೂರಿಸಿದ್ರು ನನ್ನ," ಎಂದ ಕೊನೆಗೆ. "ಬಂದೋರೆಲ್ಲ ಏನಾಯ್ತಪ್ಪ ಅನ್ನೋರು. ಸಿಟ್ಟು ಬತ್ತದೆ. ಬರಲ್ಲ ಅಂದ್ರೆ ಸುಳ್ಳಾಗ್ತದೆ."

"ಬರಲಿ. ಬರಬೇಕು."

"ರಿಪೋರ್ಟಲ್ಲಿ ಏನಂತ ಬರ್ದ್ರಿ?"

"ನನ್ನ ಹೆಸರು ಬರೆದೆ."

ಅವನು ಅವಳನ್ನೇ ನೋಡಿದ. "ಯಾರಾದ್ರೂ ಬರಿ ಅಂದ್ರಾ?"

"ಬರೀಬೇಡ ಅಂದ್ರು."

ಗಿರಿ ಕಲ್ಲು ಬೆಂಚಿನ ಮೇಲೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವಳು ಕೂತಳು.

"ಫೋನ್ ಎತ್ತದೇ ಇದ್ದಿದ್ದು ನಾಚಿಕೆಗಾ?"

"ನಾಚಿಕೆ... ಮತ್ತೆ ಭಯ. ತಪ್ಪು ಗೊತ್ತಾದ ಮೇಲೆ ನೀವು ಇನ್ನು ಫೋನೇ ಮಾಡಲ್ಲ ಅಂತ." ಅವಳ ಕಣ್ಣಂಚು ಒದ್ದೆಯಾಯಿತು. "ನೀವು ಮಾಡದೇ ಇದ್ರೆ ನನಗೆ ಮಧ್ಯಾಹ್ನ ಊಟ ಸೇರಲ್ಲ ಗಿರಿ."

ಅವನು ತಲೆ ತಗ್ಗಿಸಿ ನಕ್ಕ. "ನಾನೂ ಅನ್ನೊಂದು ದಿನದಿಂದ ಸರ್ಯಾಗಿ ಉಂಡಿಲ್ಲ."

ಆಮೇಲೆ ಅವನು ಕೇಳಿದ.

"ಬಾನುವಾರ ಅಮ್ಮನ್ನ ನಿಮ್ಮನೇಗೆ ಕರ್ಕೊಂಡು ಬರ್ಲಾ?"

"ನಮ್ಮಮ್ಮನಿಗೆ ತಮಿಳು ಬಿಟ್ರೆ ಬೇರೆ ಸರಿಯಾಗಿ ಬರಲ್ಲ."

"ನಮ್ಮಮ್ಮ ತೆಲುಗಲ್ಲೇ ಶುರು ಮಾಡೋದು. ನಾವಿಬ್ರು ಮಧ್ಯೆ ಕೂತು ಇವ್ರ ಮಾತು ಅವ್ರಿಗೆ ಯೋಳಾಣ ಬಿಡಿ."

"ನಾನು ತಪ್ಪು ತಪ್ಪಾಗಿ ಹೇಳಿದ್ರೆ?"

"ಒಪ್ಕೋತೀರಲ್ಲ," ಎಂದು ಗಿರಿ ಮೊದಲ ಸಲ ಅವಳ ಕೈ ಹಿಡಿದ. "ನಂಗಷ್ಟು ಸಾಕು."