ಮರೆಗುಳಿಯ ಸಾಕ್ಷಿ

ಪೀಠೋಪಕರಣದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆದವನು ಅವನು. ಮುಖ್ಯ ವಿನ್ಯಾಸಗಾರನ ಪಟ್ಟ ಮಾತ್ರ ನಿನ್ನೆ ಮೊನ್ನೆ ಬಂದ ಭಾಮೈದನ ಪಾಲಾಗಲಿತ್ತು. ಅದೂ ಒಂದೇ ಒಂದು ಮಡಚುವ ಕುರ್ಚಿ ಬರೆದ ಪುಣ್ಯಕ್ಕೆ. ಭಾಮೈದನಿಗೆ ಕೆಲಸ ಕೊಡಿಸಿದವನು ತಾನೇ ಎಂಬುದು ನೆನಪಾದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಉಪಾಯ ಸುಲಭ. ಆ ಕುರ್ಚಿಯನ್ನು ತಾನು ಎಂದೋ ಬರೆದಿಟ್ಟಿದ್ದೆ, ಭಾಮೈದ ಕದ್ದ ಎಂದು ತೋರಿಸಿದರಾಯಿತು.

ಹೊಸ ಕಂಪ್ಯೂಟರ್‌ಗಳು ಇದಕ್ಕೆ ಆಗಿಬರುವುದಿಲ್ಲ. ಸ್ವಿಚ್ ಒತ್ತಿದರೆ ಬಣ್ಣದ ಲಾಂಛನವನ್ನು ಮುಂದಿಟ್ಟು, ಅದರ ಹಿಂದೆ ಗುಟ್ಟಾಗಿ ಎಲ್ಲವನ್ನೂ ತಪಾಸಣೆ ಮಾಡುತ್ತವೆ. ಗುರುತಿಲ್ಲದ ಪ್ರೋಗ್ರಾಂ ಬಂದರೆ ಬಾಗಿಲಲ್ಲೇ ತಡೆಯುತ್ತವೆ. ಸಮಯವನ್ನು ಇಂಟರ್ನೆಟ್ಟಿನಿಂದ ಕೇಳಿ ತಿಳಿಯುತ್ತವೆ. ಮೂಲೆಯ ಹಳೆಯ ಪೆಟ್ಟಿಗೆಯೇ ವಾಸಿ. ಅದು ಯಾವಾಗ ಬಂತೆಂದು ಯಾರಿಗೂ ನೆನಪಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ತಾರೀಕು ನೆನಪಿಡಬೇಕಾದ ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದೆ. ಮೊನ್ನೆ ಸತ್ತಿತು, ಅಲ್ಲಿಯವರೆಗೆ ತಾರೀಕು ಸರಿಯಿತ್ತು ಎಂದರೆ ಅಲ್ಲ ಎನ್ನುವವರು ಯಾರು? ಬ್ಯಾಟರಿ ಸತ್ತಿರುವುದರಿಂದ ಅದು ದಿನವೂ ಅರ್ಧ ದಾರಿಯಲ್ಲಿ ನಿಂತು, ತಾರೀಕು ಹೇಳು ಎಂದು ಕಾಯುತ್ತದೆ. ಹೇಳಿದ್ದನ್ನು ಕಣ್ಣುಮುಚ್ಚಿ ನಂಬುತ್ತದೆ. ಅವನನ್ನು ಇಷ್ಟು ನಂಬುವವರು ಮನೆಯಲ್ಲೂ ಇರಲಿಲ್ಲ.

ಊಟದ ಬಿಡುವಿನಲ್ಲಿ ತಾರೀಕನ್ನು ೨೦೦೧ಕ್ಕೆ ತಿರುಗಿಸಿದ. ಆಗ ಭಾಮೈದ ಇನ್ನೂ ಮಗ್ಗಿ ಕಲಿಯುತ್ತಿದ್ದ. ಆ ವರ್ಷ ಹೊಳೆದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಹಳೆಯ ಪ್ರೋಗ್ರಾಂನಲ್ಲಿ ಕುರ್ಚಿಯ ಒಂದೊಂದು ಗೆರೆಯನ್ನೂ ಮತ್ತೆ ಬರೆದು, ಆ ತಾರೀಕಿನಲ್ಲೇ ಉಳಿಸಿದ. ಯಜಮಾನರಿಗೆ ದೂರು ಕೊಡುವಾಗ, ಬೇಕೆಂದೇ ಇನ್ನೊಂದು ಮಾತು ಸೇರಿಸಿದ.

"ಆ ಕಂಪ್ಯೂಟರ್ ಬಂದ ದಿನದಿಂದ ಅದನ್ನ ಯಾರೂ ಬಿಚ್ಚಿ ಒಳಗೆ ಕೈ ಹಾಕಿಲ್ಲ ಸಾರ್. ಒಂದು ಸ್ಕ್ರೂ ಕೂಡ ಬದಲಾಗಿಲ್ಲ."

ಮರುದಿನ ಮೂವರೂ ಪೆಟ್ಟಿಗೆಯ ಮುಂದೆ ನಿಂತರು. ಭಾಮೈದನ ಮುಖ ಬಿಳಿಚಿಕೊಂಡಿತ್ತು. ಅದನ್ನು ನೋಡಿ ಅವನಿಗೆ ಖುಷಿಯಾಯಿತು, ಸುಳ್ಳೇಕೆ. ತಾನೇ ಮುಂದೆ ಬಂದು ಸ್ವಿಚ್ ಒತ್ತಿದ.

"ಶುರುವಿನಲ್ಲಿ ಬಣ್ಣದ ಚಿತ್ರ ಬರಲ್ವಾ ಭಾವ?"

"ಹಳೇದು ಕಣೋ. ಇದಕ್ಕೆ ಮುಚ್ಚುಮರೆ ಗೊತ್ತಿಲ್ಲ."

ಎಂದಿನಂತೆ ಅದು ಅರ್ಧದಲ್ಲಿ ನಿಂತು ತಾರೀಕು ಕೇಳಿತು. ಅವನ ಬೆರಳು ಗುಂಡಿಯತ್ತ ಹೋಗುತ್ತಿದ್ದಂತೆ ಯಜಮಾನರು "ತಡೀರಿ" ಎಂದು ಕನ್ನಡಕ ಏರಿಸಿ ಪರದೆಯ ಮೇಲಿನ ಸಾಲಿಗೆ ಬಗ್ಗಿದರು. ದಿನವೂ ಅವನ ಕಣ್ಣೆದುರೇ ಬಂದು ಹೋಗುತ್ತಿದ್ದ, ಒಮ್ಮೆಯೂ ಅವನು ಓದದಿದ್ದ ಸಾಲು ಅದು: ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ ತಯಾರಾದ ತಾರೀಕು. "ಎರಡು ಸಾವಿರದ ನಾಲ್ಕು ಅಂತಿದೆಯಲ್ಲ," ಎಂದರು ಯಜಮಾನರು ನಿಧಾನವಾಗಿ. "ಒಂದು ಸ್ಕ್ರೂನೂ ಬದಲಾಗಿಲ್ಲ ಅಂದ್ರಿ. ಇದು ಹುಟ್ಟೋಕೆ ಮೂರು ವರ್ಷ ಮುಂಚೇನೇ ಇದರ ಮುಂದೆ ಕೂತು ಕುರ್ಚಿ ಬರೆದ್ರಾ?"